ಕುಟುಂಬ ಎಂದರೆ ಯಾರು? ಸಮಾಜವಿಜ್ಞಾನ ನಿಕಾಯದಲ್ಲಿ ಜಂಟಿ ಪಠ್ಯಪತ್ರಿಕೆ ರೂಪಿಸುವ ಬಗೆ

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ ವಿಭಾಗಗಳು ಸೇರಿ ಒಂದು ಪತ್ರಿಕೆ ಕಲಿಸಬೇಕೆಂದಾಗ ಸಾಮಾನ್ಯವಾಗಿ ನಡೆಯುವುದು ಬರಿಯ ಪಾಲುಹಂಚಿಕೆ. ಕ್ರೆಡಿಟ್ಟಿಗೆ 15 ತಾಸಿನಂತೆ ನಾಲ್ಕು ಕ್ರೆಡಿಟ್ಟಿನ 60 ತಾಸುಗಳು ನಾಲ್ವರಿಗೂ ಸಮನಾಗಿ ಹೋಗುತ್ತವೆ, ಶಾಸ್ತ್ರಗಳನ್ನು ಕೂಡಿಸುವ ಕೆಲಸ ಮಾತ್ರ ವಿದ್ಯಾರ್ಥಿಯ ತಲೆಗೆ ಬೀಳುತ್ತದೆ. ಘಟಕಗಳನ್ನು ಬರೆಯುವ ಮೊದಲು, ನಾಲ್ವರೂ ಬೇರೆಬೇರೆ ಅರ್ಥದಲ್ಲಿ ಬಳಸುವ ಒಂದು ಪದವನ್ನು ಆರಿಸಿಕೊಳ್ಳಬೇಕು.

ಮುಂಬಯಿಯ ನಮಗೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ದುಡಿದು, ಅಲ್ಲೇ ಉಂಡು, ಅಲ್ಲೇ ಮಲಗುವ ಕರಾವಳಿಯ ಹುಡುಗನ 'ಕುಟುಂಬ' ಯಾವುದು? ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತ ಒಟ್ಟಿಗೆ ವಾಸಿಸುವವರನ್ನು ಜನಗಣತಿ ಒಂದು ಕುಟುಂಬವೆಂದು ಎಣಿಸುತ್ತದೆ. ರಕ್ತಸಂಬಂಧವಿಲ್ಲದವರು ಹಾಸ್ಟೆಲು, ಹೋಟೆಲುಗಳಲ್ಲಿ ಹಾಗೆ ಬದುಕಿದರೆ ಅದಕ್ಕೆ ಸಾಂಸ್ಥಿಕ ಕುಟುಂಬವೆಂಬ ಬೇರೆ ಹೆಸರಿದೆ. ಅರ್ಥಶಾಸ್ತ್ರಜ್ಞರ ಖರ್ಚುವೆಚ್ಚದ ಸಮೀಕ್ಷೆಗೂ ಸಾಮಾನ್ಯವಾಗಿ ಈ ಅಡುಗೆಮನೆಯೇ ಅಳತೆಗೋಲು. ಸಮಾಜಶಾಸ್ತ್ರದವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು: ಹುಡುಗ ಅಳಿಯಸಂತಾನದ ಮನೆಯವನಾದರೆ ಅವನ ಕುಟುಂಬ ತಾಯಿಯ ಕಡೆಯದು, ಸಂಬಳದ ಉಳಿತಾಯ ಅಕ್ಕನ ಕೈಗೆ ಹೋಗುತ್ತಿದ್ದರೂ ಆಶ್ಚರ್ಯವಿಲ್ಲ. ಅವನ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆಯೋ ಇಲ್ಲಿಯದರಲ್ಲೋ ಎಂದು ರಾಜ್ಯಶಾಸ್ತ್ರ ಕೇಳುತ್ತದೆ. ಈ ಭಿನ್ನಾಭಿಪ್ರಾಯವನ್ನು ಅಧ್ಯಾಪಕರ ಕೊಠಡಿಯಲ್ಲೇ ಬಗೆಹರಿಸಿಕೊಂಡು ತರಗತಿಗೆ ಹೋಗಬಾರದು. ಮೊದಲ ಎರಡು ವಾರ ಇಬ್ಬಿಬ್ಬರು ಅಧ್ಯಾಪಕರು ಒಟ್ಟಿಗೆ ನಿಂತು ವಿದ್ಯಾರ್ಥಿಗಳ ಎದುರಿನಲ್ಲೇ ವಾದಿಸಬೇಕು.

ಅನಂತರ ಕ್ಷೇತ್ರಕಾರ್ಯ. ಪ್ರಶ್ನಾವಳಿಯನ್ನು ಮೊದಲೇ ಅಚ್ಚು ಹಾಕಿಸುವ ಆತುರ ಬೇಡ. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮಾತ್ರ ಬಿಡುವು. ಮಾಲೀಕರ ಒಪ್ಪಿಗೆ ಪಡೆದು, ಆದರೆ ಗಲ್ಲಾದಿಂದ ದೂರದಲ್ಲಿ ಕುಳಿತು, ತುಳುವಿನಲ್ಲೋ ಕನ್ನಡದಲ್ಲೋ ಮಾತನಾಡಿಸಬೇಕು. ಅವರು 'ಮನೆ' ಎಂಬ ಮಾತನ್ನು ಯಾವುದಕ್ಕೆ ಬಳಸುತ್ತಾರೆಂದು ತಿಳಿದ ಮೇಲೆಯೇ ಅರ್ಥಶಾಸ್ತ್ರದವರು ಆದಾಯ, ಉಳಿತಾಯದ ಪ್ರಶ್ನೆಗಳನ್ನು ಬರೆಯಲಿ. ಇತಿಹಾಸದ ವಿದ್ಯಾರ್ಥಿಗಳನ್ನು ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಕಳುಹಿಸಬಹುದು; ಅಲ್ಲಿಯ ಕಡತ ಸಿಗಲು ಸಮಯ ಹಿಡಿಯುವುದರಿಂದ ಸೆಮಿಸ್ಟರಿನ ಆರಂಭದಲ್ಲೇ ಅರ್ಜಿ ಹಾಕುವುದು ಲೇಸು.

ಇದರಿಂದ ಶಾಸ್ತ್ರದ ಶಿಸ್ತು ಸಡಿಲವಾಗುತ್ತದೆಂದು ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸಬಹುದು. ಆದರೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಆರಂಭವಾದ ಸಮಾಜಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥ ಪ್ಯಾಟ್ರಿಕ್ ಗೆಡ್ಡೆಸ್ ಜೀವವಿಜ್ಞಾನದಿಂದ ಬಂದವರು, ಅನಂತರದ ಜಿ. ಎಸ್. ಘುರ್ಯೆ ಸಂಸ್ಕೃತದಿಂದ ಬಂದವರು. ಶಾಸ್ತ್ರಗಳ ನಡುವಿನ ಬೇಲಿ ಬಲವಾದದ್ದು ಆಮೇಲಿನ ಮಾತು.

ಮೌಲ್ಯಮಾಪನದಲ್ಲಿ ವಿಭಾಗವಾರು ಪ್ರಶ್ನೆಗಳನ್ನು ಕೊಡಬಾರದು. ಒಂದೇ ವರದಿಯನ್ನು ಎರಡು ವಿಭಾಗದವರು ಪ್ರತ್ಯೇಕವಾಗಿ ಓದಿ ಅಂಕ ಕೊಡಲಿ. ಅಂತರ ಹೆಚ್ಚಾದರೆ ಕಾರಣವನ್ನು ಬರೆದು ವಿದ್ಯಾರ್ಥಿಗೆ ತೋರಿಸಲಿ. ಇನ್ನು ಕಾರ್ಯಭಾರದ ವಿಷಯ: ಇಬ್ಬರು ಕೂಡಿ ಕಲಿಸಿದ ಒಂದು ತಾಸನ್ನು ಅರ್ಧರ್ಧ ಮಾಡಿ ಬರೆದುಕೊಂಡರೆ ಮುಂದಿನ ವರ್ಷ ಯಾರೂ ಮುಂದೆ ಬರುವುದಿಲ್ಲ. ಇಬ್ಬರ ಲೆಕ್ಕಕ್ಕೂ ಪೂರ್ತಿ ತಾಸು ಸೇರಬೇಕೆಂಬ ಒಪ್ಪಿಗೆಯನ್ನು, ವೇಳಾಪಟ್ಟಿ ಹೊರಬೀಳುವ ಮೊದಲೇ, ಡೀನರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.