ಮುಂಬೈಯಿಂದ ಹೋಗಿ ಒಂದು ಸೀಸನ್ ಸ್ಕೀ ಕಲಿಸಿ ಬರೋದು ಹೇಗೆ

ಮೊದಲೇ ಹೇಳ್ಬಿಡ್ತೇನೆ, ನಾನು ಸ್ಕೀಯಿಂಗ್‌ನಲ್ಲಿ ದೊಡ್ಡ ಪಂಟರ್ ಏನಲ್ಲ. ಘಾಟ್ಕೋಪರ್‌ನಲ್ಲಿ ಅಪ್ಪನ ಹೋಟೆಲಿನ ಗಲ್ಲದಲ್ಲಿ ಕೂತು ಬೆಳೆದವ, ಹಿಮ ಅಂದ್ರೆ ಐಸ್‌ಕ್ರೀಮ್ ಫ್ರೀಜರಿನ ಗೋಡೆಯಿಂದ ಕೆರೆದು ತೆಗೆಯೋದು, ಅಷ್ಟೇ ಗೊತ್ತಿದ್ದದ್ದು. ಆದ್ರೂ 2025ರ ಜೂನ್‌ನಿಂದ ಸೀಸನ್ ಮುಗಿಯೋ ತನಕ ಆಸ್ಟ್ರೇಲಿಯಾದ ಬೆಟ್ಟದಲ್ಲಿ ಸಂಬಳ ತಗೊಂಡು ಸ್ಕೀ ಕಲಿಸಿ ಬಂದೆ. ಈಗ ಮದುವೆಮನೆ, ಪೂಜೆ, ಎಲ್ಲಿ ಸಿಕ್ಕಿದ್ರೂ ನಮ್ಮವರದ್ದು ಒಂದೇ ಪ್ರಶ್ನೆ, ಏಜೆಂಟ್ ಯಾರು ಮಾರಾಯಾ ಅಂತ. ಏಜೆಂಟ್ ಯಾರೂ ಇಲ್ಲ. ಮಾಡಿದ್ದನ್ನು ಮಾಡಿದ ಹಾಗೇ ಬರೀತೇನೆ, ನೋಡಿಕೊಳ್ಳಿ.

ಆಸ್ಟ್ರೇಲಿಯಾವೇ ಯಾಕೆ ಅಂದ್ರೆ, ವೀಸಾ. ಸ್ಕೀ ಅಂದಕೂಡಲೇ ಎಲ್ಲರೂ ಸ್ವಿಟ್ಜರ್ಲೆಂಡ್ ಫ್ರಾನ್ಸ್ ಅಂತ ಕನಸು ಕಾಣ್ತಾರೆ, ಆದ್ರೆ ಫ್ರಾನ್ಸ್‌ನಲ್ಲಿ ಪೂರ್ತಿ ಲೈಸೆನ್ಸ್ ಬೇಕಂದ್ರೆ ಗಡಿಯಾರ ಹಿಡಿದು ರೇಸ್ ಓಡಿಸುವ ಯೂರೋಟೆಸ್ಟ್ ಅಂತ ಒಂದುಂಟು, ಅದು ಚಿಕ್ಕಂದಿನಿಂದ ರೇಸ್ ಮಾಡಿದವರಿಗೇ ಕಷ್ಟ, ನಮ್ಮ ಪಾಡು ಕೇಳೋದೇ ಬೇಡ. ಆಸ್ಟ್ರೇಲಿಯಾ 2024ರಿಂದ ನಮ್ಮವರಿಗೂ ವರ್ಕ್ ಆಂಡ್ ಹಾಲಿಡೇ ವೀಸಾ ತೆರೆದಿದೆ, ನಂಬರ್ 462, ವರ್ಷಕ್ಕೆ 1,000 ಜನಕ್ಕೆ, ವಯಸ್ಸು 18ರಿಂದ 30ರ ಒಳಗೆ. ಜನ ಜಾಸ್ತಿ ಆಗೋದ್ರಿಂದ ಲಾಟರಿ ಎತ್ತುತ್ತಾರೆ. ಲಾಟರಿಗೆ ಹೆಸರು ಹಾಕೋಕೆ 25 ಆಸ್ಟ್ರೇಲಿಯನ್ ಡಾಲರ್, ಪಾಸ್‌ಪೋರ್ಟೂ ಪ್ಯಾನ್ ಕಾರ್ಡೂ ಕೈಯಲ್ಲಿದ್ರೆ ಹತ್ತು ನಿಮಿಷದ ಕೆಲಸ. ಮೊದಲ ಸಲ 2024ರ ಅಕ್ಟೋಬರ್ ಪೂರ್ತಿ ತೆರೆದಿಟ್ಟಿದ್ರು, ಅದರಲ್ಲಿ ನನಗೆ ಹತ್ತಿತು, ಅಪ್ಪ ಹರಕೆ ಹೊತ್ತಿದ್ರು ಅಂತ ಆಮೇಲೆ ಗೊತ್ತಾದದ್ದು (ನಾನು ಹೋಗಬಾರ್ದು ಅಂತಲೋ ಹೋಗ್ಲಿ ಅಂತಲೋ, ಇವತ್ತಿಗೂ ಹೇಳಿಲ್ಲ).

ಹೆಸರು ಬಂದ ಮೇಲೆ ತುಂಬ ಟೈಮ್ ಕೊಡೋದಿಲ್ಲ, ಹಾಗಾಗಿ ಕಾಗದಪತ್ರ ಮೊದಲೇ ರೆಡಿ ಇಡಿ. ಡಿಗ್ರಿ ಸರ್ಟಿಫಿಕೇಟ್ ಅಥವಾ ಡಿಗ್ರಿಯ ಎರಡು ವರ್ಷ ಮುಗಿಸಿದ ಮಾರ್ಕ್ಸ್‌ಕಾರ್ಡ್, ಇಂಗ್ಲಿಷ್ ಬರ್ತದೆ ಅನ್ನೋದಕ್ಕೆ ಪ್ರೂಫ್, ಐಇಎಲ್‌ಟಿಎಸ್ ಆದ್ರೆ ಸರಾಸರಿ 4.5 ಸಾಕು, ಮತ್ತೆ ಖಾತೆಯಲ್ಲಿ 5,000 ಡಾಲರ್ ಹತ್ರ ದುಡ್ಡು ತೋರಿಸಬೇಕು. ವೀಸಾ ಫೀ ಬೇರೆ, ಅದೇ 650 ಡಾಲರಿನ ಮೇಲೆ ಹೋಗ್ತದೆ. ಒಂದು ಒಳ್ಳೇದು ಏನಂದ್ರೆ, ಈ ವೀಸಾದಲ್ಲಿ ಒಬ್ಬ ಮಾಲಿಕನ ಹತ್ರ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ಕೆಲಸ ಮಾಡಬಹುದು ಅಂತ ರೂಲ್ ಇದೆ, ಬೇರೆ ಕೆಲಸದವರಿಗೆ ಅದು ತಲೆನೋವು, ಸ್ಕೀ ಸೀಸನ್ ಹೇಗೂ ನಾಲ್ಕೇ ತಿಂಗಳಾದ್ದರಿಂದ ನಮಗೆ ತಾಗೋದೇ ಇಲ್ಲ.

ಈಗ ಕಲಿಯೋ ವಿಷಯ. ಲಾಟರಿ ಹತ್ತಿದ ಮೇಲೆ ಕಲಿತೇನೆ ಅಂದ್ರೆ ಆಗೋದಿಲ್ಲ, ಕಡಿಮೆ ಅಂದ್ರೂ ಎರಡು ಚಳಿಗಾಲ ಬೇಕು. ಕುರ್ಲಾ ಮಾಲ್‌ನ ಸ್ನೋ ಪಾರ್ಕಿಗೆ ಹೋಗಿ ಬಂದು ಅನುಭವ ಆಯ್ತು ಅನ್ನೋರನ್ನ ನೋಡಿದ್ದೇನೆ, ಅದು ಮಕ್ಕಳ ಬರ್ತ್‌ಡೇಗೆ ಸರಿ. ನಮ್ಮ ದೇಶದಲ್ಲಿ ಸರಕಾರಿ ಕೋರ್ಸ್ ಕಡಿಮೆ ಖರ್ಚಿನಲ್ಲಿ ಸಿಗ್ತದೆ: ಮನಾಲಿಯ ಪರ್ವತಾರೋಹಣ ಸಂಸ್ಥೆಯವರದ್ದು ಸೋಲಂಗ್‌ನಲ್ಲಿ, ಗುಲ್ಮರ್ಗ್‌ನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಆಂಡ್ ಮೌಂಟೇನಿಯರಿಂಗ್, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದ್ದು. ನಾನು ಬೇಸಿಕ್ ಕಲಿತದ್ದು ಸೋಲಂಗ್‌ನಲ್ಲಿ. ಆಮೇಲೆ 2024ರ ಜನವರಿಯಲ್ಲಿ ಗುಲ್ಮರ್ಗ್‌ಗೆ ಹೋದೆ, ಆ ವರ್ಷ ಜನವರಿ ಕೊನೆಯ ತನಕ ಅಲ್ಲಿ ಸರಿಯಾಗಿ ಹಿಮವೇ ಬೀಳಲಿಲ್ಲ, ನ್ಯೂಸಿನಲ್ಲೂ ಬಂದಿತ್ತು, ಒಣ ಹುಲ್ಲಿನ ಮೇಲೆ ಕುದುರೆಯವರು ನಾನೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತದ್ದು. ವಾಪಸ್ ಬಂದು ಫೆಬ್ರವರಿ ಕೊನೆಗೆ ಮತ್ತೆ ಹೋದೆ, ಆಗ ಬೇಕಾದಷ್ಟು ಹಿಮ. ಅದಕ್ಕೇ ಹೇಳೋದು, ಫ್ಲೈಟ್ ಟಿಕೆಟ್ ಬದಲಿಸಲಿಕ್ಕೆ ಆಗುವಂಥದ್ದೇ ತಗೊಳ್ಳಿ, ಫೆಬ್ರವರಿ ಹಿಡಿಯಿರಿ.

ಗುಲ್ಮರ್ಗ್ ಬಗ್ಗೆ ಒಂದು ಮಾತು. ಅಲ್ಲಿಯ ಮೈದಾನವೇ 2,650 ಮೀಟರ್, ಗೊಂಡೋಲ ಅಂದ್ರೆ ರೋಪ್‌ವೇ, ಅದು ಅಫರ್ವಟ್ ಬೆಟ್ಟದ ಕಡೆ 3,900 ದಾಟಿ ಹೋಗ್ತದೆ, ಆಸ್ಟ್ರೇಲಿಯಾದ ಅತಿ ಎತ್ತರದ ಕೊಸಿಯಸ್ಕೋ ಬೆಟ್ಟ ಬರೀ 2,228. ಹಾಗಂತ ಆಸ್ಟ್ರೇಲಿಯಾದಲ್ಲಿ ಸುಲಭ ಅಂದ್ಕೋಬೇಡಿ. ಗುಲ್ಮರ್ಗ್‌ದು ಗೋಧಿ ಹಿಟ್ಟಿನ ಹಾಗೆ ಒಣ ಹಿಮ, ಬಿದ್ರೂ ಹಾಸಿಗೆ. ಆಸ್ಟ್ರೇಲಿಯಾದ್ದು ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಬೆಳಿಗ್ಗೆ ತೊಳೆದ ಮೊಸಾಯಿಕ್ ನೆಲದ ಹಾಗೆ ಇರ್ತದೆ, ಕೆಲಸಕ್ಕೆ ತಗೊಳ್ಳುವಾಗ ಪರೀಕ್ಷೆ ಮಾಡೋದೂ ಮೆಷಿನ್ ಹಾಯಿಸಿ ಸಮ ಮಾಡಿದ ಅಂಥ ಹಿಮದಲ್ಲೇ. ಮೇಲೆ ಹತ್ತಿ ದೂಳೆಬ್ಬಿಸಿ ವಿಡಿಯೋ ಮಾಡೋದು ಬಿಟ್ಟು ಕೆಳಗಿನ ಸಣ್ಣ ಇಳಿಜಾರಿನಲ್ಲಿ ನಿಧಾನ, ಅಂದವಾಗಿ, ಎರಡೂ ಕಡೆ ಒಂದೇ ಥರ ತಿರುಗೋದು ಕಲೀರಿ. ನಿಧಾನ ಹೋಗೋದೇ ಕಷ್ಟ ಮಾರಾಯ್ರೆ, ಜೋರಾಗಿ ಹೋಗೋದು ಭೂಮಿಯ ಕೆಲಸ.

ಮುಂಬೈಯಲ್ಲಿ ಇದ್ದಾಗ ಮಾಡಬೇಕಾದ್ದು ಕಾಲು. ಲಿಫ್ಟ್ ಬಿಟ್ಟು ಮೆಟ್ಟಿಲು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಕೂತ ಹಾಗೆ ಎರಡು ನಿಮಿಷ, ಮತ್ತೆ ಇನ್‌ಲೈನ್ ಸ್ಕೇಟಿಂಗ್ ಸಿಕ್ಕಿದ್ರೆ ತಪ್ಪಿಸಬೇಡಿ, ಅಂಚಿನ ಮೇಲೆ ಭಾರ ಹಾಕೋ ಅಂದಾಜು ಅದರಲ್ಲೇ ಬರ್ತದೆ. ಮಳೆಗಾಲದ ಟ್ರೆಕ್ಕಿಗೆ ಹೋಗುವವರಾದ್ರೆ ಕಳಸೂಬಾಯಿ ಹತ್ತೋದಕ್ಕಿಂತ ಇಳಿಯೋದೇ ಒಳ್ಳೆ ಪ್ರಾಕ್ಟೀಸ್. ಸ್ಕೀಯಲ್ಲಿ ಹಾಳಾಗೋದು ಮೊಣಕಾಲಿನ ಒಳಗಿನ ಎಸಿಎಲ್ ಅನ್ನೋ ಲಿಗಮೆಂಟು, ತೊಡೆ ಗಟ್ಟಿ ಇದ್ರೆ ಸ್ವಲ್ಪ ಬಚಾವ್.

ಕೆಲಸಕ್ಕೆ ಅರ್ಜಿ ಹಾಕೋದು ಫೆಬ್ರವರಿ ಮಾರ್ಚ್ ಹೊತ್ತಿಗೆ, ಹಿಮ ಬೀಳೋಕೆ ಎಷ್ಟೋ ಮೊದಲು. ಪೆರಿಶರ್, ಥ್ರೆಡ್ಬೋ ನ್ಯೂ ಸೌತ್ ವೇಲ್ಸ್‌ನಲ್ಲಿ, ಫಾಲ್ಸ್ ಕ್ರೀಕ್, ಮೌಂಟ್ ಹೋಥಮ್, ಮೌಂಟ್ ಬುಲರ್ ವಿಕ್ಟೋರಿಯಾದಲ್ಲಿ, ದೊಡ್ಡ ಸ್ಕೀ ರೆಸಾರ್ಟ್‌ಗಳು ಇಷ್ಟೇ. ಸ್ಕೀ ಕಲಿಸೋರಿಗೆ ಅಲ್ಲಿಯ ಸರ್ಟಿಫಿಕೇಟ್ ಎಪಿಎಸ್‌ಐ ಅಂತ, ಕೆನಡಾದ್ದು ಸಿಎಸ್‌ಐಎ, ಬ್ರಿಟನ್ನಿನದ್ದು ಬಾಸಿ, ಇವುಗಳ ಲೆವೆಲ್ ಒನ್ ಇದ್ರೆ ಅರ್ಜಿ ಮೇಲೆ ಬರ್ತದೆ. ನಮ್ಮ ಸರಕಾರಿ ಕೋರ್ಸಿನ ಸರ್ಟಿಫಿಕೇಟ್ ಅಲ್ಲಿ ಕೆಲಸಕ್ಕೆ ನಡೆಯೋದಿಲ್ಲ, ಕಲಿತದ್ದು ಮಾತ್ರ ನಡೀತದೆ. ನನ್ನ ಹತ್ರ ಲೆವೆಲ್ ಒನ್ ಇರಲಿಲ್ಲ, ಹೈರಿಂಗ್ ಕ್ಲಿನಿಕ್ ಅಂತ ಸೀಸನ್ ಶುರುವಿಗೆ ಕೆಲವು ದಿನ ಬೆಟ್ಟದಲ್ಲೇ ಪರೀಕ್ಷೆ ಮಾಡಿ ತಗೊಳ್ತಾರೆ, ಆ ದಾರಿಯಲ್ಲಿ ಹೋದೆ. ಇದರಲ್ಲಿ ರಿಸ್ಕ್ ಉಂಟು, ಫೇಲಾದ್ರೆ ಟಿಕೆಟಿನ ದುಡ್ಡು ನಿಮ್ಮದೇ. ಮಕ್ಕಳಿಗೆ ಕಲಿಸೋರಿಗೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಅಂತ ಸರಕಾರದ ಕ್ಲಿಯರೆನ್ಸ್ ಬೇಕು, ಹೊಸಬರಿಗೆ ಸಿಗೋದು ಬಹುಪಾಲು ಮಕ್ಕಳೇ, ಅದನ್ನ ತಡ ಮಾಡಬೇಡಿ.

ಇಂಟರ್‌ವ್ಯೂ ವಿಡಿಯೋ ಕಾಲ್‌ನಲ್ಲಿ ಆಯ್ತು. ನಾನು ಸ್ಕೀ ಟೆಕ್ನಿಕ್ ಉರು ಹೊಡೆದು ಕೂತಿದ್ರೆ ಅವ್ರು ಕೇಳಿದ್ದು, ಸಿಟ್ಟಲ್ಲಿರೋ ಗಿರಾಕಿಯನ್ನ ಹೇಗೆ ಸಂಭಾಳಿಸ್ತೀರಿ ಅಂತ. ನಗು ಬಂತು ನನಗೆ. ಆದಿತ್ಯವಾರ ಬೆಳಿಗ್ಗೆ ಒಂಬತ್ತೂವರೆಗೆ ಟೇಬಲ್ಲಿಗಾಗಿ ನಿಂತ ಗುಜರಾತಿ ಫ್ಯಾಮಿಲಿ, ಸಾಂಬಾರ್ ತಣ್ಣಗಾಯ್ತು ಅಂತ ಜಗಳ, ಭಟ್ರು ಒಳಗಿಂದ ಹಿಟ್ಟು ಮುಗೀತು ಅಂತ ಕೂಗೋದು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ ಅಷ್ಟೇ. ಆ ಕಥೆಗೇ ಕೆಲಸ ಸಿಕ್ಕಿದ್ದು ಅಂತ ನನ್ನ ನಂಬಿಕೆ. ಅರ್ಜಿಯಲ್ಲಿ ಹೋಟೆಲ್, ಅಂಗಡಿ, ಟ್ಯೂಷನ್, ಜನರ ಜೊತೆ ಮಾಡಿದ ಏನೇ ಕೆಲಸ ಇದ್ರೂ ಮೇಲೆ ಬರೀರಿ, ಅಲ್ಲಿ ಸ್ಕೀ ಚೆನ್ನಾಗಿ ಮಾಡೋರು ಬೇಕಾದಷ್ಟು ಜನ ಇದ್ದಾರೆ.

ಕಲಿಸೋದು ಹೇಗಿರ್ತದೆ ಅಂದ್ರೆ, ಬೆಳಿಗ್ಗೆ ಲೈನ್ ಅಪ್, ಎಲ್ಲ ಇನ್‌ಸ್ಟ್ರಕ್ಟರ್‌ಗಳು ಸಾಲಾಗಿ ನಿಂತು ಸೂಪರ್‌ವೈಸರ್ ಇವತ್ತು ಯಾರಿಗೆ ಯಾವ ಗುಂಪು ಅಂತ ಹಂಚ್ತಾರೆ. ನಿಮಗೆ ಆರೆಂಟು ಮಕ್ಕಳು ಬರ್ತಾರೆ, ಒಂದಕ್ಕೆ ಗ್ಲೌಸ್ ಇಲ್ಲ, ಒಂದಕ್ಕೆ ಅಮ್ಮ ಬೇಕು. ನನ್ನ ಮೊದಲ ವಾರದ ಪಾಠ: ಮೊದಲು ಎಲ್ಲರನ್ನೂ ಟಾಯ್ಲೆಟ್ಟಿಗೆ ಕಳಿಸಿ, ಆಮೇಲೆ ಬೂಟು. ತಿರುಗುಮುರುಗು ಮಾಡಿದ್ರೆ ಐದು ಪದರ ಬಟ್ಟೆ ಬಿಚ್ಚೋದು ನೀವೇ.

ಆಮೇಲೆ ಒಂದೇ ಕಾಲಿಗೆ ಸ್ಕೀ ಹಾಕಿ ಸ್ಕೂಟರ್ ಆಟದ ಹಾಗೆ ತಳ್ಳಿಸೋದು, ಎರಡು ಕಾಲಿಗೆ ಹಾಕಿ ಸಮತಟ್ಟಲ್ಲಿ ನಡೆಸೋದು, ಮ್ಯಾಜಿಕ್ ಕಾರ್ಪೆಟ್ ಅಂತ ನೆಲದ ಮೇಲಿನ ಬೆಲ್ಟ್ ಇರ್ತದೆ, ಏರ್‌ಪೋರ್ಟಿನಲ್ಲಿ ಇರೋ ಥರ, ಅದರಲ್ಲಿ ಮೇಲೆ ಕರ್ಕೊಂಡು ಹೋಗಿ ನೇರ ಇಳಿಸೋದು. ನಿಲ್ಲಿಸೋದು ಕಲಿಸಲಿಕ್ಕೆ ಪಿಜ್ಜಾ ಅಂತಾರೆ, ಸ್ಕೀಯ ಮುಂದಿನ ತುದಿ ಹತ್ರ, ಹಿಂದಿನದ್ದು ಅಗಲ, ತ್ರಿಕೋನ. ನೇರ ಹೋಗೋದಕ್ಕೆ ಫ್ರೆಂಚ್ ಫ್ರೈಸ್. ಒಬ್ಬ ಗುಜರಾತಿ ಹುಡುಗ ಸಿಡ್ನಿಯಿಂದ ಬಂದಿದ್ದ, ಅವನಿಗೆ ಸಮೋಸಾ ಅಂದೆ, ಒಂದೇ ಸಲಕ್ಕೆ ನಿಂತ.

ದೊಡ್ಡವರಿಗೆ ಕಲಿಸೋದೇ ಕಷ್ಟ, ಅವರಿಗೆ ಹೆದರಿಕೆ ಇರ್ತದಲ್ಲ. ಹೆದರಿದವರು ಹಿಂದಕ್ಕೆ ವಾಲ್ತಾರೆ, ಹಿಂದಕ್ಕೆ ವಾಲಿದ್ರೆ ಸ್ಕೀಯ ಮೂತಿ ಹಗುರ ಆಗಿ ಹೇಳಿದ ಮಾತು ಕೇಳೋದಿಲ್ಲ, ಇನ್ನೂ ಜೋರಾಗಿ ಓಡ್ತದೆ. ಮುಂದಕ್ಕೆ ಬಾಗಿ ಅಂದ್ರೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ತಾರೆ. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಿದ್ದು ಗೊತ್ತಾಗ್ತಾ ಇದೆಯಾ ಅಂತ ಕೇಳಿ, ಅದೊಂದೇ ಪ್ರಶ್ನೆ ದಿನಪೂರ್ತಿ ಕೇಳಿ. ಎಡಕ್ಕೆ ತಿರುಗಬೇಕಾದ್ರೆ ಭಾರ ಬಲಗಾಲಿಗೆ, ಬಲಕ್ಕೆ ಆದ್ರೆ ಎಡಗಾಲಿಗೆ, ಇದನ್ನ ಬಾಯಲ್ಲಿ ಹೇಳಿದ್ರೆ ಯಾರಿಗೂ ತಲೆಗೆ ಹೋಗೋದಿಲ್ಲ, ಬಲಗೈಯಲ್ಲಿ ತುಂಬಿದ ಕೊಡಪಾನ ಹಿಡಿದ ಹಾಗೆ ಮಾಡಿ ಅಂದ್ರೆ ಆಯ್ತು (ಅಲ್ಲಿ ಬಕೆಟ್ ಅನ್ನಿ). ಫಾಲ್ ಲೈನ್ ಅಂತ ಒಂದು ಶಬ್ದ ಬರ್ತದೆ, ನಿಂತ ಜಾಗದಲ್ಲಿ ಒಂದು ಚೊಂಬು ನೀರು ಚೆಲ್ಲಿದ್ರೆ ಅದು ಹರಿಯೋ ದಾರಿ, ಅಷ್ಟೇ. ಬಿದ್ದವರನ್ನ ಎಬ್ಬಿಸುವಾಗ ಆ ದಾರಿಗೆ ಸ್ಕೀ ಅಡ್ಡ ಇಡ್ಸಿ, ಇಲ್ದಿದ್ರೆ ಎದ್ದ ಕೂಡಲೇ ಮತ್ತೆ ಜಾರೋದು. ಕೆಳಗೆ ಇರೋರಿಗೇ ದಾರಿಯ ಹಕ್ಕು, ಮೇಲಿಂದ ಬರೋರು ತಪ್ಪಿಸಿಕೊಂಡು ಹೋಗ್ಬೇಕು ಅನ್ನೋ ನಿಯಮ ಮೊದಲ ದಿನವೇ ಹೇಳಿ, ಮುಂಬೈ ಟ್ರಾಫಿಕ್ಕಿನವರಾದ ನಾವೂ ನೆನಪಿಟ್ಕೊಳ್ಳಬೇಕು.

ದುಡ್ಡು. ಆಸ್ಟ್ರೇಲಿಯಾದ ಕನಿಷ್ಠ ಕೂಲಿ ನಾನಿದ್ದಾಗ, 2025ರ ಜುಲೈಯಿಂದ, ಗಂಟೆಗೆ 24.95 ಡಾಲರ್ ಇತ್ತು, ಕ್ಯಾಶುಯಲ್ ಅಂದ್ರೆ ರಜೆ ಗಿಜೆ ಇಲ್ಲದ ಕೆಲಸಕ್ಕೆ ಅದರ ಮೇಲೆ 25 ಪರ್ಸೆಂಟ್. ಇದನ್ನ ರೂಪಾಯಿಗೆ ಗುಣಿಸಿ ಊರಿಗೆ ಹೇಳಿಬಿಟ್ರೆ ನಿಮ್ಮ ಕಥೆ ಮುಗೀತು, ಯಾಕಂದ್ರೆ ಎಷ್ಟೋ ಕಡೆ ಕಲಿಸಿದ ಗಂಟೆಗೆ ಮಾತ್ರ ದುಡ್ಡು. ಜೂನ್‌ನಲ್ಲಿ ಹಿಮ ಕಡಿಮೆ ಇದ್ರೆ ಗಿರಾಕಿ ಇಲ್ಲ, ಲೈನ್ ಅಪ್‌ನಲ್ಲಿ ನಿಂತು ಖಾಲಿ ಕೈಯಲ್ಲಿ ರೂಮಿಗೆ. ನಾನು ಸಂಜೆ ಒಂದು ಕೆಫೆಯ ಕಿಚನ್‌ನಲ್ಲಿ ಪಾತ್ರೆ ತೊಳೆದೆ, ಅಪ್ಪನಿಗೆ ಹೇಳಿದ್ದು ಬಂದ ಮೇಲೆ, ಅವರು ನಕ್ಕು ನಕ್ಕು ಸುಸ್ತು, ಅವರೂ ಹದಿಮೂರಕ್ಕೆ ಬೊಂಬಾಯಿಗೆ ಬಂದು ಶುರು ಮಾಡಿದ್ದು ಅಲ್ಲಿಂದಲೇ. ಶಾಲೆಗಳ ರಜೆ ಬರೋದು ಜುಲೈಯಲ್ಲಿ, ಆಗ ಕೈತುಂಬ ಕೆಲಸ. ಟ್ಯಾಕ್ಸು ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ 15 ಪರ್ಸೆಂಟ್, 45,000 ತನಕ. ಇಳಿದ ವಾರವೇ ಟ್ಯಾಕ್ಸ್ ಫೈಲ್ ನಂಬರ್‌ಗೆ ಅರ್ಜಿ ಹಾಕಿ, ಇಲ್ದಿದ್ರೆ ಜಾಸ್ತಿ ಕಟ್ ಮಾಡ್ತಾರೆ.

ರೂಮಿನ ವಿಷಯದಲ್ಲಿ ನಾನು ಪೆಟ್ಟು ತಿಂದೆ. ಪೆರಿಶರ್, ಥ್ರೆಡ್ಬೋಗೆ ಹತ್ತಿರದ ಊರು ಜಿಂಡಬೈನ್, ಸಿಡ್ನಿಯಿಂದ ರಸ್ತೆಯಲ್ಲಿ ಆರು ಗಂಟೆ ಹತ್ರ, ಸೀಸನ್ನಿನಲ್ಲಿ ಅಲ್ಲಿ ಬಾಡಿಗೆ ಬಾಂದ್ರಾದವರನ್ನೂ ಹೆದರಿಸ್ತದೆ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಒಬ್ಬರಿಗೆ ಅಡ್ವಾನ್ಸ್ ಕಳಿಸಿದೆ, ಹೋಗಿ ನೋಡಿದ್ರೆ ಒಂದು ರೂಮಿಗೆ ಆರು ಜನ, ಹೀಟರ್ ಕೆಟ್ಟದ್ದು, ದುಡ್ಡು ವಾಪಸ್ ಬರಲಿಲ್ಲ. ಸ್ಟಾಫ್ ರೂಮ್ ಕೊಡ್ತೀರಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ, ಕೊಟ್ರೆ ಹೇಗಿದ್ರೂ ಒಪ್ಪಿಕೊಳ್ಳಿ.

ತಗೊಂಡು ಹೋಗೋದ್ರಲ್ಲಿ ಜಾಕೆಟ್ ಚಿಂತೆ ಬೇಡ, ಯೂನಿಫಾರ್ಮ್ ಸಿಗ್ತದೆ. ಬೂಟು ಮಾತ್ರ ನಿಮ್ಮದೇ ಆಗಿರಲಿ, ಅಲ್ಲಿ ಹೋಗಿ ಕಾಲಿಗೆ ಸರಿಯಾಗಿ ಕೂರಿಸಿಕೊಂಡು ತಗೊಳ್ಳಿ, ದಿನಪೂರ್ತಿ ಅದರಲ್ಲೇ ನಿಲ್ಲೋದು. ಸ್ಕೀ ಸೆಕೆಂಡ್‌ಹ್ಯಾಂಡ್ ಸಾಕು. ಸನ್‌ಸ್ಕ್ರೀನ್ ತಪ್ಪಿಸಬೇಡಿ, ಚಳಿಯಲ್ಲಿ ಮುಖ ಸುಟ್ಟುಕೊಂಡವ ನಾನು. ಇನ್ಶೂರೆನ್ಸ್ ತಗೊಳ್ಳುವಾಗ ಸ್ಕೀಯಿಂಗ್ ಕವರ್ ಆಗ್ತದಾ ಅಂತ ಬರವಣಿಗೆಯಲ್ಲಿ ಕೇಳಿ, ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಎಷ್ಟೋ ಸಲ ಇರೋದಿಲ್ಲ, ಮತ್ತೆ ಅಲ್ಲಿಯ ಮೆಡಿಕೇರ್ ಅನ್ನೋ ಸರಕಾರಿ ಆರೋಗ್ಯ ವಿಮೆ ನಮ್ಮ ದೇಶದವರಿಗೆ ಸಿಗೋದಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಇದ್ರೆ ಏರ್‌ಪೋರ್ಟಿನ ಫಾರಮ್ಮಿನಲ್ಲಿ ಬರೀರಿ, ಬರೆದ್ರೆ ಹೆಚ್ಚೆಂದ್ರೆ ಕಸಕ್ಕೆ ಹಾಕ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ.

ಕೊನೆಗೆ ಒಂದು ಉಳೀತದೆ, ಸೂಪರ್. ನಮ್ಮ ಪಿಎಫ್ ಥರ, ಮಾಲಿಕ ಸಂಬಳದ ಮೇಲೆ 12 ಪರ್ಸೆಂಟ್ ಬೇರೆ ಕಟ್ತಾನೆ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಆನ್‌ಲೈನ್‌ನಲ್ಲಿ ಕ್ಲೈಮ್ ಮಾಡಬಹುದು, ಆದ್ರೆ ಈ ವೀಸಾದವರಿಗೆ ಅದರಲ್ಲಿ 65 ಪರ್ಸೆಂಟ್ ಟ್ಯಾಕ್ಸಿಗೇ ಹೋಗ್ತದೆ, ನೂರು ರೂಪಾಯಿಗೆ ಮೂವತ್ತೈದು ಕೈಗೆ. ಆದ್ರೂ ಬಿಡಬೇಡಿ, ಅಲ್ಲಿಯ ಬ್ಯಾಂಕ್ ಖಾತೆ ಬಂದ ಕೂಡಲೇ ಮುಚ್ಚಬೇಡಿ. ಆ ಫಾರಂ ನಾನು ಗಲ್ಲದಲ್ಲಿ ಕೂತೇ ಮೊಬೈಲಿನಲ್ಲಿ ತುಂಬಿದ್ದು, ಅಷ್ಟರಲ್ಲಿ ಎರಡು ಟೇಬಲ್ಲಿನವರು ಬಿಲ್ ಕೊಡದೆ ಎದ್ದುಹೋದ್ರು.