ಮಾಂಡೋವಿಯಲ್ಲಿ ನಲವತ್ತು ದಿನ

2017ರ ನವೆಂಬರ್ 27ರ ಸಂಜೆ ನಾನೂ ನನ್ನ ತಂಗಿಯ ಮಗನೂ ಪಣಜಿಯ ಎದುರಿನ ಬೇತಿಂ ದಡದ ಬಳಿ ಲಂಗರು ಬಿಟ್ಟಾಗ, ಅಲ್ಲಿ ಮೂರು ದಿನ ನಿಂತು ಕುಡಿಯುವ ನೀರು, ಡೀಸೆಲ್, ತರಕಾರಿ ತುಂಬಿಕೊಂಡು ದಕ್ಷಿಣಕ್ಕೆ ಸಾಗುವುದೆಂದು ಲೆಕ್ಕ ಹಾಕಿದ್ದೆವು. ಮುಂಬೈಯಲ್ಲಿ ಕೊಂಡ 28 ಅಡಿಯ ಹಳೆಯ ಫೈಬರ್ ಹಾಯಿದೋಣಿಯನ್ನು ಕ್ರಿಸ್‌ಮಸ್ ಹೊತ್ತಿಗೆ ಕೊಚ್ಚಿ ಮುಟ್ಟಿಸಬೇಕೆಂಬುದು ನಮ್ಮ ಯೋಜನೆ. ಮಾಂಡೋವಿಯ ಅಳಿವೆಯನ್ನು ನಾವು ಮತ್ತೆ ದಾಟಿದ್ದು 2018ರ ಜನವರಿ 6ರ ನಸುಕಿನಲ್ಲಿ. ನಡುವಿನ ನಲವತ್ತು ದಿನ ಏನು ಮಾಡಿದೆವು ಎಂಬುದನ್ನು, ಸ್ವಂತ ಕೈಯಿಂದ ದೋಣಿ ದುರಸ್ತಿ ಮಾಡಿಕೊಳ್ಳುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾನು ಹದಿನೈದು ವರ್ಷ ನೌಕಾಪಡೆಯಲ್ಲಿ ಎಂಜಿನ್ ಕೋಣೆಯ ಕೆಲಸ ಮಾಡಿ, ನಿವೃತ್ತನಾದ ಮೇಲೆ ಬೆಳಗಾವಿಯ ಉದ್ಯಮಬಾಗದಲ್ಲಿ ಎರಡು ಲೇಥ್ ಇಟ್ಟುಕೊಂಡು ಬದುಕುತ್ತಿರುವವನು. ಅಳಿಯ ಗೋಕಾಕ ತಾಲ್ಲೂಕಿನ ಒಕ್ಕಲು ಮನೆತನದ ಹುಡುಗ. ಘಟಪ್ರಭೆಯಲ್ಲಿ ಈಜು ಕಲಿತವನು, ಹಾಯಿಯ ಹಗ್ಗ ಹಿಡಿಯುವುದನ್ನು ನನ್ನಿಂದಲೇ ಕಲಿತವನು. ಪಣಜಿಯಲ್ಲಿ ನಿಂತಾಗ ಪರಊರಿನಲ್ಲಿದ್ದೇವೆ ಎಂದು ನಮಗೆ ಅನ್ನಿಸಲಿಲ್ಲ. ದೋಣಿಯ ಅಡಿಯಲ್ಲಿ ಹರಿಯುತ್ತಿದ್ದುದು ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಿಂದ ಇಳಿದುಬಂದ ನೀರು. ನಾವು ಮಹಾದಾಯಿ ಎನ್ನುವುದನ್ನೇ ಗೋವೆಯವರು ಮಾಂಡೋವಿ ಎನ್ನುತ್ತಾರೆ.

ತೊಂದರೆ ಹುಟ್ಟಿದ್ದು ವೆಂಗುರ್ಲೆಯ ಆಚೆ. ಗಾಳಿ ಬಿದ್ದುಹೋಗಿದ್ದರಿಂದ ಎಂಜಿನ್ ಹಾಕಿಕೊಂಡು ಬರುತ್ತಿದ್ದಾಗ ನೀರಿನಲ್ಲಿ ತೇಲುತ್ತಿದ್ದ ಹರಿದ ಬಲೆಯ ಹಗ್ಗವೊಂದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡು, ಎಂಜಿನ್ ಒಮ್ಮೆಲೇ ಗಕ್ಕನೆ ನಿಂತಿತು. ಅಳಿಯ ನೀರಿಗಿಳಿದು ಚಾಕುವಿನಿಂದ ಹಗ್ಗವನ್ನು ಕತ್ತರಿಸಿ ತೆಗೆದ. ಆದರೆ ಮತ್ತೆ ಎಂಜಿನ್ ಹಚ್ಚಿದಾಗ ನೆಲದ ಹಲಗೆಗಳೆಲ್ಲ ನಡುಗತೊಡಗಿದವು. ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವಲ್ಲಿ, ನೀರು ಒಳನುಗ್ಗದಂತೆ ತಡೆಯುವ ಗ್ಲ್ಯಾಂಡ್ ಇರುತ್ತದೆ. ತಿರುಗುವಾಗ ಅಲ್ಲಿಂದ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು, ಆ ನೀರೇ ಶಾಫ್ಟಿನ ಸುತ್ತ ಒತ್ತಿ ತುಂಬಿದ ಪ್ಯಾಕಿಂಗನ್ನು ತಂಪಾಗಿಡುತ್ತದೆ. ನಮ್ಮಲ್ಲಿ ಹನಿಯ ಬದಲು ಬೆರಳು ದಪ್ಪದ ಧಾರೆ ಬರುತ್ತಿತ್ತು. "ಮಾಮಾ, ನೀರು ಬರಾಕತ್ತೈತಿ, ಬಂದ್ ಮಾಡ್ರಿ" ಎಂದು ಅಳಿಯ ಕೂಗಿದ. ಎಂಜಿನ್ ನಿಲ್ಲಿಸಿ, ಗ್ಲ್ಯಾಂಡಿನ ನಟ್ಟನ್ನು ಬಿಗಿಗೊಳಿಸಿ, ಮಧ್ಯಾಹ್ನದ ಕಡಲಗಾಳಿ ಏಳುವವರೆಗೆ ಕಾದು, ಹಾಯಿಯ ಮೇಲೆಯೇ ಅಗ್ವಾದದ ಕೋಟೆಯನ್ನು ಎಡಕ್ಕೆ ಬಿಟ್ಟು ನದಿಯೊಳಗೆ ಬಂದೆವು. ನವೆಂಬರ್‌ನಿಂದ ಈ ಕರಾವಳಿಯಲ್ಲಿ ರಾತ್ರಿ ಮತ್ತು ಬೆಳಿಗ್ಗೆ ನೆಲದಿಂದ, ಮಧ್ಯಾಹ್ನದ ಮೇಲೆ ವಾಯವ್ಯದ ಕಡಲಿನಿಂದ ಗಾಳಿ ಬರುತ್ತದೆ. ಈ ದಿನಚರಿಯನ್ನು ನಂಬಿದವನಿಗೆ ಎಂಜಿನ್ ಇಲ್ಲದೆಯೂ ಬಂದರು ಸೇರುವುದು ಸಾಧ್ಯ.

ಮರುದಿನ ಬಂದರಿನ ಕಚೇರಿಗೆ ಹೋಗಿ ನಮ್ಮ ಹೆಸರು, ದೋಣಿಯ ಕಾಗದಪತ್ರ, ನಿಲ್ಲಬೇಕಾದ ಕಾರಣ ಎಲ್ಲವನ್ನೂ ಬರೆಯಿಸಿದೆ. ಶಾಫ್ಟ್ ಬಾಗಿರಬೇಕು, ಅದನ್ನು ಹೊರಗೆ ತೆಗೆಯಬೇಕೆಂಬುದು ನನಗೆ ಸ್ಪಷ್ಟವಾಗಿತ್ತು. ಅದಕ್ಕೆ ಎರಡೇ ದಾರಿ: ದೋಣಿಯನ್ನು ದಡದ ಮೇಲಿನ ದುರಸ್ತಿ ಅಂಗಳಕ್ಕೆ ಎಳೆಯಿಸುವುದು, ಇಲ್ಲವೇ ಗೋಡೆಯ ಪಕ್ಕಕ್ಕೆ ಕಟ್ಟಿ, ಇಳಿತದಲ್ಲಿ ತಳ ನೆಲಕ್ಕೆ ಕೂರುವಂತೆ ಮಾಡಿ, ನೀರು ಮರಳುವ ಮೊದಲೇ ಕೆಲಸ ಮುಗಿಸುವುದು. ಗೋವೆಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ನಡುವೆ ಸುಮಾರು ಎರಡು ಮೀಟರ್ ಅಂತರವಿರುತ್ತದೆ. ನಮ್ಮ ದೋಣಿಗೆ ಬೇಕಾದ ಆಳ 1.3 ಮೀಟರ್. ಎರಡನೆಯ ದಾರಿ ಸಾಧ್ಯವಿತ್ತು, ಮುಂದಿನ ಹುಣ್ಣಿಮೆ ಡಿಸೆಂಬರ್ 3ರಂದೇ ಇತ್ತು.

ಆ ಹುಣ್ಣಿಮೆಯನ್ನು ಓಖಿ ಚಂಡಮಾರುತ ಕಸಿದುಕೊಂಡಿತು. ನವೆಂಬರ್ 30ಕ್ಕೆ ಕನ್ಯಾಕುಮಾರಿಯ ಸಮೀಪ ಬಲಿತ ಅದು ಲಕ್ಷದ್ವೀಪವನ್ನು ಹಾದು ಗುಜರಾತಿನ ಕಡೆಗೆ ತಿರುಗುವ ಹೊತ್ತಿಗೆ, ಗಾಳಿ ಗೋವೆಗೆ ತಾಗದಿದ್ದರೂ ಸಮುದ್ರ ಉಬ್ಬಿ ದಂಡೆಯ ಗುಡಿಸಲು ಹೋಟೆಲುಗಳೊಳಗೆ ನೀರು ನುಗ್ಗಿತು. ಹುಣ್ಣಿಮೆಯ ಉಬ್ಬರಕ್ಕೆ ಆ ಉಬ್ಬೂ ಸೇರಿ ನದಿಯ ನೀರು ಗೋಡೆಗಳ ಮೇಲಂಚಿನವರೆಗೆ ಏರಿತು. ಮೀನುಗಾರರ ದೋಣಿಗಳೆಲ್ಲ ಒಳಗೆ ಬಂದು ಸಾಲುಗಟ್ಟಿದ್ದವು. ಎಂಜಿನ್ ಇಲ್ಲದ ನಾವು ಎರಡೂ ಲಂಗರು ಬಿಟ್ಟು, ಸರಪಳಿಯನ್ನು ಆಳದ ಏಳು ಪಟ್ಟು ಸಡಿಲಿಸಿ, ಮೂರು ರಾತ್ರಿ ಸರದಿಯಂತೆ ಎಚ್ಚರವಿದ್ದೆವು. ಹೊಳೆಯ ಮಧ್ಯದ ಕ್ಯಾಸಿನೋ ಹಡಗುಗಳ ದೀಪಗಳಲ್ಲಿ ಎರಡನ್ನು ಗುರುತಾಗಿಟ್ಟುಕೊಂಡು, ಅವು ಒಂದಕ್ಕೊಂದು ಸರಿಯುತ್ತಿವೆಯೇ ಎಂದು ಅರ್ಧ ತಾಸಿಗೊಮ್ಮೆ ನೋಡುವುದು. ಸರಿದರೆ ಲಂಗರು ಜಾರುತ್ತಿದೆ ಎಂದರ್ಥ. ನಮ್ಮದು ಜಾರಲಿಲ್ಲ.

ಬಂದರಿನಲ್ಲಿ ನಿಂತ ದೋಣಿ ವಿಶ್ರಾಂತಿಯಲ್ಲಿದೆ ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅದು ಸಾಗುವ ದೋಣಿಗಿಂತ ಬೇಗ ಸವೆಯುತ್ತದೆ. ದಿನಕ್ಕೆ ನಾಲ್ಕು ಬಾರಿ ಹೊಳೆಯ ಸೆಳೆತ ದಿಕ್ಕು ಬದಲಿಸಿದಂತೆ ದೋಣಿಯೂ ತಿರುಗುತ್ತದೆ, ಎರಡು ಸರಪಳಿಗಳು ಜಡೆಯಂತೆ ಹೆಣೆದುಕೊಳ್ಳುತ್ತವೆ. ಮೂರು ದಿನಕ್ಕೊಮ್ಮೆ ಒಂದನ್ನು ಬಿಚ್ಚಿ ಸುತ್ತು ತೆಗೆಯಬೇಕು. ತಳಕ್ಕೆ ಚಿಪ್ಪು ಹತ್ತುತ್ತದೆ. ಫೆರ್ರಿಯ ಅಲೆಗೆ ಹಗ್ಗ ಒಂದೇ ಜಾಗದಲ್ಲಿ ಉಜ್ಜಿಕೊಳ್ಳುತ್ತದೆ, ಅಲ್ಲಿಗೆ ಹಳೆಯ ನೀರಿನ ಪೈಪನ್ನು ಸೀಳಿ ತೊಡಿಸಿದೆವು. ಈ ಕೆಲಸವನ್ನೆಲ್ಲ ಅಳಿಯ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡುತ್ತಿದ್ದ.

ಚಂಡಮಾರುತದ ಮೇಲೆ ಅಂಗಳಗಳು ಪೆಟ್ಟು ತಿಂದ ದೋಣಿಗಳಿಂದ ತುಂಬಿದ್ದರಿಂದ ಗೋಡೆಯೇ ಗತಿಯಾಯಿತು. ಡಿಸೆಂಬರ್ 18ರ ಅಮಾವಾಸ್ಯೆ ನಮಗೆ ಎಳ್ಳ ಅಮಾವಾಸ್ಯೆ. ಊರಿನಲ್ಲಿ ಹೊಲಕ್ಕೆ ಚರಗ ಚೆಲ್ಲುವ ದಿನ ಮಗ ಇಲ್ಲವಲ್ಲ ಎಂದು ತಂಗಿ ಫೋನಿನಲ್ಲಿ ಬಹಳ ನೊಂದುಕೊಂಡಳು. ಅಳಿಯ ತಾನಾಗಿ ಹೋಗುವೆನೆಂದು ಒಮ್ಮೆಯೂ ಹೇಳಲಿಲ್ಲ. ಆ ವಾರ ನಾವು ಉದ್ದನೆಯ ಬಿದಿರಿನಿಂದ ಗೋಡೆಯ ಬುಡವನ್ನು ಅಡಿಗೊಮ್ಮೆ ಚುಚ್ಚಿ ನೋಡಿ, ಕೆಸರು ತೆಳುವಾಗಿ ಕೆಳಗೆ ಗಟ್ಟಿ ನೆಲವಿದ್ದ ಜಾಗವೊಂದನ್ನು ಆರಿಸಿಕೊಂಡು, ಗೋಡೆಯ ಮಾಲೀಕರ ಒಪ್ಪಿಗೆ ಪಡೆದಿದ್ದೆವು. 19ರ ಮಧ್ಯಾಹ್ನ ಉಬ್ಬರದಲ್ಲಿ ದೋಣಿಯನ್ನು ಅಲ್ಲಿಗೆ ಎಳೆದು ತಂದು, ಗೋಡೆಯ ಕಡೆಯ ಡೆಕ್ಕಿನ ಮೇಲೆ ನೀರಿನ ಕ್ಯಾನುಗಳನ್ನೂ ಲಂಗರು ಸರಪಳಿಯನ್ನೂ ಪೇರಿಸಿ ಅದು ಗೋಡೆಗೆ ಕೊಂಚ ಒರಗುವಂತೆ ಮಾಡಿದೆವು. ಹೊರಗೆ ಮಗುಚದಂತೆ ಕೂವೆಮರದ ತುದಿಯಿಂದ ಹಗ್ಗವೊಂದನ್ನು ದಡದ ತೆಂಗಿನ ಮರಕ್ಕೆ ಬಿಗಿದೆವು. ನೀರು ಇಳಿದಂತೆಲ್ಲ ಕಟ್ಟಿದ ಹಗ್ಗಗಳನ್ನು ಸಡಿಲಿಸುತ್ತಲೇ ಇರಬೇಕು. ಇದೊಂದನ್ನು ಮರೆತರೆ ದೋಣಿ ಹಗ್ಗಕ್ಕೆ ನೇತುಬಿದ್ದು ಕೊಂಡಿಗಳು ಕಿತ್ತುಬರುತ್ತವೆ.

ಸಂಜೆಗೆ ತಳ ನೆಲಕ್ಕೆ ಕೂತಿತು. ಶಾಫ್ಟಿನ ಕೊಳವೆ ನೀರಿನಿಂದ ಮೇಲಿರುವುದು ಎರಡೂವರೆ ತಾಸು ಎಂದು ಅಂದಾಜಿಸಿದ್ದೆ. ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ತುಕ್ಕಿನಿಂದ ಶಾಫ್ಟಿಗೇ ಬೆಸೆದಂತಾಗಿತ್ತು. ಅದನ್ನು ಬಿಡಿಸಲು ಒಂದೂವರೆ ತಾಸು ಹೋಯಿತು. ಚುಕ್ಕಾಣಿಯನ್ನು ಪೂರ್ತಿ ಒಂದು ಬದಿಗೆ ಹೊರಳಿಸಿ ಅದರ ಪಕ್ಕದಿಂದ ಶಾಫ್ಟನ್ನು ಹೊರಗೆಳೆದಾಗ ಮೊಣಕಾಲಿನವರೆಗೆ ನೀರು ಮರಳಿ ಬಂದಿತ್ತು. ಅಳಿಯ ಮೊದಲೇ ಕೆತ್ತಿ, ಮೇಣ ಸವರಿ ಇಟ್ಟುಕೊಂಡಿದ್ದ ಕಟ್ಟಿಗೆಯ ಗೂಟವನ್ನು ಕೊಳವೆಗೆ ಬಡಿದು ಕೂರಿಸಿದ. ರಾತ್ರಿ ದೋಣಿ ತೇಲಿದ ಮೇಲೆ ಬ್ಯಾಟರಿ ಹಿಡಿದು ನೋಡಿದರೆ ಗೂಟದ ಸುತ್ತ ತೇವ ಮಾತ್ರ ಇತ್ತು.

ಮರುದಿನ ಶಾಫ್ಟನ್ನೂ ಪ್ರೊಪೆಲ್ಲರನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಚೋರ್ಲಾ ಘಾಟಿನ ಬಸ್ಸು ಹತ್ತಿದೆ. ಅಳಿಯ ದೋಣಿಯಲ್ಲಿ ಉಳಿದ. ಘಾಟು ಹತ್ತಿ ಕಣಕುಂಬಿ ಬಂದಾಗ ಮನಸ್ಸು ತುಂಬಿಬಂತು. ಅಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಮಲೆಯ ಇನ್ನೊಂದು ಮಗ್ಗುಲಿನ ನೀರು ಪಶ್ಚಿಮಕ್ಕಿಳಿದು ನನ್ನ ದೋಣಿಯನ್ನು ತೇಲಿಸುತ್ತಿತ್ತು.

ಉದ್ಯಮಬಾಗದಲ್ಲಿ ಶಾಫ್ಟನ್ನು ವಿ-ಬ್ಲಾಕ್‌ಗಳ ಮೇಲಿಟ್ಟು ತಿರುಗಿಸಿದಾಗ ಬಾಗನ್ನು ತೋರಿಸುವ ಡಯಲ್ ಗೇಜಿನ ಮುಳ್ಳು 0.8 ಮಿಲಿಮೀಟರ್ ಓಲಾಡಿತು. ಬಡಿದು ನೇರ ಮಾಡಬಹುದಿತ್ತು. ಆದರೆ ಪ್ಯಾಕಿಂಗ್ ಕೂರುವ ಜಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಗುಳಿಗಳು ಬಿದ್ದಿದ್ದವು, ಹಾಗಾಗಿ ಹೊಸದನ್ನೇ ಮಾಡಲು ನಿರ್ಧರಿಸಿದೆ. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕ ಅದರ ಮೇಲ್ಮೈಯಲ್ಲಿ ಕಟ್ಟುವ ತೆಳು ಪದರದಿಂದ. ಗ್ಲ್ಯಾಂಡಿನೊಳಗಿನ ನಿಂತ ಉಪ್ಪುನೀರಿನಲ್ಲಿ ಆ ಪದರ ಮುರಿದಲ್ಲಿ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಮಾಲಿಬ್ಡಿನಮ್ ಬೆರೆತ 316 ದರ್ಜೆ 304ಕ್ಕಿಂತ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ನಾನು 316 ಎಂದೇ ಕೇಳಿ, ಹಣ ಕೊಟ್ಟು ತಂದ 25 ಮಿಲಿಮೀಟರಿನ ಸರಳಿನ ಮೇಲೆ ಪರೀಕ್ಷೆಯ ದ್ರಾವಣದ ಹನಿ ಬಿಟ್ಟಾಗ, ಮಾಲಿಬ್ಡಿನಮ್ ಇದ್ದರೆ ಬರಬೇಕಾದ ಬಣ್ಣ ಬರಲಿಲ್ಲ. ಅದು 304. ಅಯಸ್ಕಾಂತದಿಂದ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ, ದೋಣಿಯ ಕೆಲಸಕ್ಕೆ ಈ ಹನಿ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಸರಳು ಮರಳಿಸಿ ಸರಿಯಾದದ್ದನ್ನು ತರುವುದರಲ್ಲಿ ನಾಲ್ಕು ದಿನ ಹೋದವು.

ಪ್ರೊಪೆಲ್ಲರ್ ಕೂರುವ ತುದಿಗೆ ಹತ್ತು ಮಿಲಿಮೀಟರ್ ಉದ್ದಕ್ಕೆ ವ್ಯಾಸ ಒಂದು ಮಿಲಿಮೀಟರ್ ಇಳಿಯುವ, ಹತ್ತಕ್ಕೆ ಒಂದರ ಟೇಪರ್ ಬೇಕು, ಅಂದರೆ ಲೇಥಿನ ಮೇಲಿನ ಸ್ಲೈಡನ್ನು 2 ಡಿಗ್ರಿ 52 ಮಿನಿಟಿಗೆ ತಿರುಗಿಸಿ ಕೊರೆಯಬೇಕು. ಈ ಕೆಲಸವನ್ನು ನಾನು ಪಕ್ಕದ ಶೆಡ್ಡಿನ ಹಿರಿಯರಿಗೆ ಒಪ್ಪಿಸಿದೆ. ನಾವೆಲ್ಲ ಕಾಕಾ ಎಂದು ಕರೆಯುವ ಅವರ ಕೈ ನನ್ನ ಕೈಗಿಂತ ನಿಖರವಾದದ್ದು. ಕೊರೆದ ತುದಿಗೆ ಪ್ರಷಿಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಪ್ರೊಪೆಲ್ಲರನ್ನು ಅದರ ಮೇಲೆ ಒತ್ತಿ ತೆಗೆದು, ರಂಧ್ರದೊಳಗೆ ನೀಲಿ ಎಲ್ಲೆಲ್ಲಿ ಹತ್ತಿದೆ ಎಂದು ಅವರು ದೀಪ ಹಿಡಿದು ನೋಡುತ್ತಿದ್ದರು. ಮೊದಲ ಸಲ ಒಂದು ಕಡೆ ಉಂಗುರದಂತೆ ಮಾತ್ರ ಹತ್ತಿತ್ತು. ಸಾಕೇನೋ ಎಂದೆ. "ಅವಸರ ಮಾಡಬ್ಯಾಡ ತಮ್ಮಾ, ಎಲ್ಲಾ ಕಡೆ ನೀಲಿ ಹತ್ತೂತನಕ ನಾ ಬಿಡಾಂವಲ್ಲ" ಎಂದರು. ಆರನೆಯ ಸಲಕ್ಕೆ ರಂಧ್ರದ ಒಳಗೆಲ್ಲ ಸಮನಾದ ನೀಲಿ ಹರಡಿತ್ತು. ಕೂಲಿಯ ಮಾತೆತ್ತಿದಾಗ, ಕೊಚ್ಚಿ ಮುಟ್ಟಿದ ಮೇಲೆ ಫೋನ್ ಮಾಡು ಎಂದಷ್ಟೇ ಹೇಳಿದರು. ಶಾಫ್ಟ್ ಆನಿಕೊಂಡು ತಿರುಗುವ, ಮುಂಬೈಯಿಂದ ತರಿಸಿದ ಬೇರಿಂಗ್, ಒಳಗೆ ರಬ್ಬರ್, ಹೊರಗೆ ಹಿತ್ತಾಳೆಯದು, ವ್ಯಾಸದಲ್ಲಿ ಕೊಂಚ ದೊಡ್ಡದಿದ್ದುದರಿಂದ ಅದನ್ನು ನಾನೇ ಲೇಥಿಗೆ ಹಾಕಿ ಇಳಿಸಿದೆ.

ಡಿಸೆಂಬರ್ 31ಕ್ಕೆ ಮರಳುವಾಗ ತಂಗಿ ಬೆಳಗಾವಿಗೇ ಬಂದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಚಟ್ನಿಯ ಬುತ್ತಿ ಕಟ್ಟಿಕೊಟ್ಟಳು. ಹನ್ನೊಂದು ದಿನ ಒಬ್ಬನೇ ದೋಣಿ ಕಾಯ್ದ ಅಳಿಯನ ನೋಟ್‌ಬುಕ್ಕಿನಲ್ಲಿ ಗೂಟ ನೋಡಿದ ಹೊತ್ತುಗಳು ಹಗಲು ರಾತ್ರಿ ಎನ್ನದೆ ತುಂಬಿದ್ದವು.

ಜನವರಿ 2ರ ಹುಣ್ಣಿಮೆಯ ಇಳಿತದಲ್ಲಿ, ಅದೇ ಗೋಡೆಯ ಬಳಿ, ಎಲ್ಲವನ್ನೂ ಒಂದೂಕಾಲು ತಾಸಿನಲ್ಲಿ ಕೂರಿಸಿದೆವು. ತಾನು ಸವೆದು ಉಳಿದ ಲೋಹವನ್ನು ಉಪ್ಪುನೀರಿನಿಂದ ಕಾಯುವ ಜಿಂಕಿನ ತುಂಡಿನ ಜಾಗದಲ್ಲಿ ಹೊಸದನ್ನೂ ಹಾಕಿದೆವು. ಎಂಜಿನನ್ನು ಶಾಫ್ಟಿಗೆ ನೇರವಾಗಿ ಹೊಂದಿಸುವ ಕೆಲಸವನ್ನು ಮಾತ್ರ ಅಲ್ಲಿ ಮಾಡಲಿಲ್ಲ. ನೆಲಕ್ಕೆ ಕೂತ ದೋಣಿಯ ಒಡಲು ತುಸು ಬಾಗಿರುತ್ತದೆ, ತೇಲಿದ ಮೇಲೆ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಆದ್ದರಿಂದ ಎರಡು ದಿನ ತೇಲಲು ಬಿಟ್ಟು, 4ರಂದು ಕಪ್ಲಿಂಗಿನ ಎರಡು ಮುಖಗಳ ನಡುವೆ ಸಂದಿ ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸಿ, ನಾಲ್ಕೂ ಕಡೆಯ ಅಂತರದ ವ್ಯತ್ಯಾಸ 0.1 ಮಿಲಿಮೀಟರಿಗಿಂತ ಕಡಿಮೆಯಾಗುವವರೆಗೆ ಎಂಜಿನಿನ ಪಾದಗಳನ್ನು ಏರಿಸಿ ಇಳಿಸಿದೆ. ಹುಣ್ಣಿಮೆಯ ಮರುದಿನವೇ ಹೊರಡಬಹುದಿತ್ತು. ಮಳೆಗಾಲಕ್ಕೆ ಇನ್ನೂ ಐದು ತಿಂಗಳಿರುವಾಗ ಎರಡು ದಿನ ಉಳಿಸಿ ಹೊಸ ಬೇರಿಂಗನ್ನು ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

6ರ ನಸುಕಿನ ಐದಕ್ಕೆ, ಇಳಿತದ ಸೆಳೆತವೂ ನೆಲಗಾಳಿಯೂ ಒಟ್ಟಿಗೆ ಹೊರಗೆ ತಳ್ಳುತ್ತಿರುವಾಗ ಅಳಿವೆ ದಾಟಿದೆವು. ಕಾರವಾರಕ್ಕೆ ಸುಮಾರು 45 ನಾಟಿಕಲ್ ಮೈಲಿ. ಹತ್ತರ ಹೊತ್ತಿಗೆ ಗಾಳಿ ಸತ್ತಾಗ ಎಂಜಿನ್ ಹಚ್ಚಿದೆ. ಅಳಿಯ ನೆಲದ ಹಲಗೆ ತೆಗೆದು, ಬ್ಯಾಟರಿ ಹಿಡಿದು, ಗ್ಲ್ಯಾಂಡಿನ ಮುಂದೆ ಬೋರಲು ಮಲಗಿ ಗಡಿಯಾರ ನೋಡುತ್ತಾ ಎಣಿಸಿದ. "ನಿಮಿಷಕ್ಕ ನಾಕ ಹನಿ, ಮಾಮಾ" ಎಂದ. ನಟ್ಟನ್ನು ಕಾಲು ಸುತ್ತು ಬಿಗಿದೆ. ಮೂರಾಯಿತು. ಕೊಳವೆಯನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಸಂಜೆ ಕಾರವಾರದ ಎದುರಿನ ದ್ವೀಪದ ದೀಪಸ್ತಂಭ ಹೊತ್ತಿಕೊಳ್ಳುವ ಹೊತ್ತಿಗೆ ಅಳಿಯ ಮತ್ತೆ ಎಣಿಸಿದಾಗಲೂ ಮೂರೇ ಇತ್ತು.