ದಂಡಾಧಿಕಾರಿಯ ಮುಂದೆ ನ್ಯಾಯಾಲಯದ ಕ್ರಮ ಕೇಳಿದ್ದು: ನನ್ನ ಅನುಭವ

ಅಧಿಕಾರ ವಿಭಜನೆ ಎಂದರೆ ಸಂಸತ್ತು, ಸುಪ್ರೀಂ ಕೋರ್ಟ್ ನೆನಪಾಗುತ್ತವೆ. ತಾಲ್ಲೂಕಿನಲ್ಲಿ ವಕೀಲಿ ಮಾಡುವ ನನಗೆ ಆ ಪ್ರಶ್ನೆ ಎದುರಾಗುವುದು ತಹಶೀಲ್ದಾರರ ಕೊಠಡಿಯಲ್ಲಿ. ಜಾತ್ರೆ, ಚುನಾವಣೆಯ ಬಂದೋಬಸ್ತಿಗೆ ಪೊಲೀಸರ ಜೊತೆ ಸಭೆ ನಡೆಸುವವರು ಅವರು. ಅದೇ ಪೊಲೀಸರು ‘ಇವರಿಂದ ಶಾಂತಿಭಂಗವಾಗುವ ಸಂಭವವಿದೆ’ ಎಂದು ವರದಿ ಕೊಟ್ಟರೆ, ತಾಲ್ಲೂಕು ದಂಡಾಧಿಕಾರಿಯಾಗಿ ಕೂತು ತೀರ್ಮಾನಿಸುವವರೂ ಅವರೇ.

ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸಂವಿಧಾನದ 50ನೇ ವಿಧಿ ಹೇಳುತ್ತದೆ. 1948ರ ನವೆಂಬರ್‌ನಲ್ಲಿ ಅಂಬೇಡ್ಕರ್ ಇದನ್ನು ಮಂಡಿಸಿದಾಗ 3 ವರ್ಷದ ಗಡುವೂ ಇತ್ತು, ಚರ್ಚೆಯಲ್ಲಿ ಅದು ಬಿದ್ದುಹೋಯಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಅಪರಾಧಗಳ ವಿಚಾರಣೆಯನ್ನು ಹೈಕೋರ್ಟಿನ ಅಧೀನದ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ಶಾಂತಿಪಾಲನೆಗೆ ಮುಚ್ಚಳಿಕೆ (ಗಲಾಟೆ ಮಾಡುವುದಿಲ್ಲ, ಮಾಡಿದರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಬರಹ) ಬರೆಸಿಕೊಳ್ಳುವ 107ನೇ ಕಲಂ ಮಾತ್ರ ಕಾರ್ಯಾಂಗದ ದಂಡಾಧಿಕಾರಿಗಳ ಬಳಿಯೇ ಉಳಿಯಿತು. 2024ರ ಜುಲೈ 1ರಿಂದ ಅದು, ಹಳೆಯ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಆಗಿದೆ, ಅಧಿಕಾರ ಇದ್ದಲ್ಲೇ ಇದೆ.

ಬದುವಿನ ಜಗಳದ ಅಣ್ಣತಮ್ಮಂದಿರು, ಕೂಲಿ ಬಾಕಿ ಕೇಳಿದವರು, ಮದ್ಯದಂಗಡಿ ಬೇಡವೆಂದು ರಸ್ತೆಗಿಳಿದ ಹೆಂಗಸರು, ಎಲ್ಲರಿಗೂ ಇದೇ ನೋಟಿಸು. ‘ಸಹಿ ಹಾಕಿ ಹೋಗಮ್ಮ, ಇದು ಕೇಸೇನಲ್ಲ’ ಎಂದು ಹೊರಗೆ ಯಾರೋ ಹೇಳುತ್ತಾರೆ. ಮುಚ್ಚಳಿಕೆ ಮುರಿದರೆಂದು ತೀರ್ಮಾನವಾದರೆ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು ಎನ್ನುವುದನ್ನು ಯಾರೂ ಹೇಳುವುದಿಲ್ಲ.

ನಾನು ವಕಾಲತ್ತು ಹಾಕಿದ ಕೂಡಲೇ ಕೇಳುವುದು ಹೊಸ ಸಂಹಿತೆಯ 130ನೇ ಕಲಮಿನ ಲಿಖಿತ ಆದೇಶ. ಪೊಲೀಸರು ಕೊಟ್ಟ ಮಾಹಿತಿಯ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ, ಜಾಮೀನುದಾರರು ಎಷ್ಟು ಮಂದಿ, ಇಷ್ಟೂ ಅದರಲ್ಲಿರಬೇಕು. ಅಚ್ಚು ಹಾಕಿದ ನಮೂನೆಯಲ್ಲಿ ಹೆಸರು ತುಂಬಿಸಿದ್ದರೆ ಅಲ್ಲಿಯೇ ಲಿಖಿತ ಆಕ್ಷೇಪಣೆ ಸಲ್ಲಿಸುತ್ತೇನೆ. ಮೊದಲ ದಿನವೇ ಮಧ್ಯಂತರ ಮುಚ್ಚಳಿಕೆ, ಅಂದರೆ ವಿಚಾರಣೆ ಮುಗಿಯುವವರೆಗಿನ ಮುಚ್ಚಳಿಕೆ, ಕೇಳಿದರೆ 1970ರ ಮಧು ಲಿಮಯೆ ತೀರ್ಪಿನ ಪ್ರತಿ ಕೊಡುತ್ತೇನೆ. ಮಾಹಿತಿ ನಿಜವೇ ಎಂಬ ವಿಚಾರಣೆ ಶುರುವಾಗದೆ ಅದನ್ನು ಬರೆಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ಎಲ್ಲಕ್ಕಿಂತ ಫಲ ಕೊಟ್ಟದ್ದು ಪಾಟಿ ಸವಾಲು. ವರದಿ ಬರೆದ ಅಧಿಕಾರಿಯನ್ನೇ ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತೇನೆ. ಯಾವ ದಿನ ಗಲಾಟೆಯ ಸುಳಿವು ಸಿಕ್ಕಿತು, ಯಾರು ಹೇಳಿದರು, ಠಾಣೆಯ ಡೈರಿಯಲ್ಲಿ ಬರೆದಿದ್ದೀರಾ? ಇಷ್ಟಕ್ಕೇ ಎಷ್ಟೋ ವರದಿಗಳು ನೆಲ ಕಚ್ಚಿವೆ. ಇನ್ನು ಕೆಲವದರಲ್ಲಿ ಅಧಿಕಾರಿ ಬರುವುದೇ ಇಲ್ಲ. ಆಗ ಆರ್ಡರ್ ಶೀಟಿನ (ಪ್ರತಿ ದಿನದ ಕಲಾಪ ಬರೆದಿಡುವ ಹಾಳೆಯ) ದೃಢೀಕೃತ ಪ್ರತಿಯನ್ನು ಪಡೆದು ಇಟ್ಟುಕೊಳ್ಳಬೇಕು. ವಿಚಾರಣೆ ಶುರುವಾಗಿ 6 ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣವನ್ನು ಬರೆದಿಡದ ಹೊರತು, ಪ್ರಕರಣ ತಾನಾಗಿ ಕೊನೆಗೊಳ್ಳುತ್ತದೆ. ಆ ಪ್ರತಿ ಇಲ್ಲದಿದ್ದರೆ ಸೆಷನ್ಸ್ ನ್ಯಾಯಾಲಯದಲ್ಲಿ ರಿವಿಜನ್‌ಗೆ (ಆದೇಶದ ಮರುಪರಿಶೀಲನೆಗೆ) ಕೈಯಲ್ಲಿ ಏನೂ ಇರುವುದಿಲ್ಲ.

ನಾವು ಕೆಲವು ವಕೀಲರು ಸೇರಿ ವಾರಕ್ಕೊಂದು ನಿಗದಿತ ದಿನ ಕಲಾಪ ನಡೆಸಬೇಕು, ಅಂದಂದೇ ಆರ್ಡರ್ ಶೀಟ್ ಬರೆಯಬೇಕು ಎಂದು ಮನವಿ ಕೊಟ್ಟೆವು. ಆಗಿದ್ದ ತಹಶೀಲ್ದಾರರು ಒಪ್ಪಿದರು. ‘ಬೆಳಿಗ್ಗೆ ಬರ ಪರಿಹಾರ, ಮಧ್ಯಾಹ್ನ ಪ್ರೋಟೋಕಾಲ್, ಸಂಜೆ ನಿಮ್ಮ ಸಾಕ್ಷಿ. ಇದು ನಮ್ಮ ಕೆಲಸವೇ ಅಲ್ಲ ವಕೀಲರೇ’ ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಇದನ್ನು ವ್ಯಕ್ತಿಗಳ ದೋಷ ಎಂದು ನಾನು ನೋಡುವುದಿಲ್ಲ.

ಗುಂಪು ಸೇರದಂತೆ ತುರ್ತು ನಿಷೇಧಾಜ್ಞೆ ಹೊರಡಿಸುವುದು ಆಡಳಿತದ ಕೆಲಸ, ಅದು ಅವರಲ್ಲೇ ಇರಲಿ. ಒಬ್ಬ ವ್ಯಕ್ತಿ ಶಾಂತಿ ಕದಡುತ್ತಾನೋ ಇಲ್ಲವೋ ಎಂದು ಸಾಕ್ಷ್ಯ ನೋಡಿ ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ದಂಡ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಅದರ ಬಗ್ಗೆ ಕಾನೂನು ಮಾಡಬಹುದು. ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ತಿದ್ದುಪಡಿ ತಂದು, 126ನೇ ಕಲಮಿನ ಅಧಿಕಾರವನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗೆ ವರ್ಗಾಯಿಸಬಹುದು. ನಮ್ಮ ಶಾಸಕರಿಗೆ ಕೊಡಲು ಆ ತಿದ್ದುಪಡಿಯ ಕರಡನ್ನು ಈಗ ಬರೆಯುತ್ತಿದ್ದೇವೆ.